ಹೊಗೆ ಹಿಡಿದ ಗಡಿಗೆ

ಕಾರ್ತಿಕ ಮಾಸ ಆಗತಾನೆ ಹಿಡಿದಿತ್ತು. ಮುಂಜಾನೆ ಎಮ್ಮೆ ಕರೆದು ಮುಗಿದ ಹೊತ್ತು. ಬಿಸಿಲು ಇನ್ನೂ ಗೋಡೆಯ ತಲೆಯಿಂದ ಕೆಳಗಿಳಿದಿರಲಿಲ್ಲ. ಆಗ ನನ್ನ ತಮ್ಮ ಆಶಪ್ಪ ಕುರಿಮಂದೆಯನ್ನು ಬಿಟ್ಟು ಒಬ್ಬನೇ ಮನೆಗೆ ಬಂದ.

ಮಂದೆ ಬಿಟ್ಟು ಬರುವವನಲ್ಲ ಅವನು. ನಮ್ಮ ಅವ್ವ ತೀರಿಕೊಂಡಾಗಲೂ ಕುರಿಗಳನ್ನು ಊರ ಹೊರಗಿನ ಬೀಳಿನ ತನಕ ಹೊಡೆದುಕೊಂಡು ಬಂದು, ಅಲ್ಲಿ ನಿಲ್ಲಿಸಿ, ಆಮೇಲೆ ಮಣ್ಣಿಗೆ ಬಂದಿದ್ದ. ಅಂಥವನು ಕೋಲು ಕೂಡ ಇಲ್ಲದೆ, ಕಂಬಳಿ ಹೊದ್ದು ಅಂಗಳದಲ್ಲಿ ನಿಂತ. ಮುಖ ಬೆಳಕಿಗೆ ತಿರುಗಿದಾಗ ಕಣ್ಣಿನ ಬಿಳಿಯೆಲ್ಲ ಹಳದಿ ಕಂಡಿತು. ಮೈಲಾರನ ಭಂಡಾರ ಏನಾದರೂ ಕಣ್ಣಿಗೆ ಬಿತ್ತೇ ಎಂದು ಅವನ ಹೆಂಡತಿ ತಿರುಪತಮ್ಮ ಕೇಳಿದಳು. ಆಶಪ್ಪ ಕಂಬಳಿ ಸರಿಸಿ ಹೊಟ್ಟೆ ತೋರಿಸಿದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬಿದ ಕೊಡದ ಹಾಗೆ.

ಕುಡಿತ ಅವನಿಗೆ ಮಂದೆಯ ಜೊತೆಗೇ ಬಂದದ್ದು. ಕೊಯ್ಲಾದ ಹೊಲದಲ್ಲಿ ಕುರಿ ಕೂರಿಸಿದರೆ ಗೊಬ್ಬರವಾಗುತ್ತದೆಂದು ರೈತರು ಕರೆಯುತ್ತಾರೆ. ಕರೆದ ರೈತ ಸಂಜೆ ಜೋಳದ ಜೊತೆ ಒಂದು ಬಾಟಲಿಯನ್ನೂ ತಂದಿಡುವುದು ನಮ್ಮ ಕಡೆ ಮರ್ಯಾದೆ. ಬೇಡ ಅಂದರೆ ಆ ಹೊಲದವನಿಗೆ ಅವಮಾನ. ನಾನು ಮಂದೆಯ ಹಿಂದೆ ತಿರುಗುವ ಕಾಲದಲ್ಲಿ ಅದು ಮಡಕೆಯ ಸೇಂದಿಯಾಗಿತ್ತು, ಮರದಿಂದ ಇಳಿಸಿದ್ದು. ಈಗ ಸೀಲು ಹಾಕಿದ ಬಾಟಲಿ. ಆಶಪ್ಪ ಯಾರಿಗೂ ಅವಮಾನ ಮಾಡಿದವನಲ್ಲ.

ನಮ್ಮ ಊರು ಉಟ್ಕೂರಿಗೂ ಮಕ್ತಲಿಗೂ ನಡುವೆ. ದೊಡ್ಡ ದವಾಖಾನೆಗೆ ಹೋಗುವವರು ಕೆಲವರು ಪಾಲಮೂರಿಗೆ ಹೋಗುತ್ತಾರೆ, ಕೆಲವರು ಕೃಷ್ಣಾ ಸೇತುವೆ ದಾಟಿ ರಾಯಚೂರಿಗೆ. ಬಾಧೆಯನ್ನು ಹೇಳಿಕೊಳ್ಳಲು ಕನ್ನಡ ಸಲೀಸು ಎಂದು ನಾವು ರಾಯಚೂರಿಗೆ ಹೋದೆವು. ಲಿವರ್ ಒಣಗಿ ಗಂಟುಗಟ್ಟಿದೆ ಎಂದರು. ಹೊಟ್ಟೆಯ ನೀರು ತೆಗೆದರು. ಇನ್ನೊಂದು ಗುಟುಕು ಕುಡಿದರೆ ಈ ಬಾಗಿಲಿಗೆ ಬರುವುದು ಬೇಡ, ನೇರ ಇನ್ನೊಂದು ಕಡೆಗೇ ಹೋಗಬಹುದು ಎಂದು ಒಬ್ಬ ಡಾಕ್ಟರು ಮುಖಕ್ಕೇ ಹೇಳಿದರು. ಮನೆಗೆ ಬಂದ ದಿನ ತಿರುಪತಮ್ಮ ಭಂಡಾರದ ಚೀಲ ಬಿಚ್ಚಿ, ಗಂಡನ ಅಂಗೈಗೆ ಅರಿಶಿನದ ಪುಡಿ ಹಾಕಿ, ಮುಟ್ಟುವುದಿಲ್ಲ ಎಂದು ಅನ್ನಿಸಿ ಬಾಯಿಗೆ ಹಾಕಿಸಿದಳು. ಅವನೂ ಹಾಕಿಕೊಂಡ.

ಮಂದೆ ಅಷ್ಟರಲ್ಲಿ ತಿರುಪತಮ್ಮನ ತಮ್ಮ ಸಾಯಣ್ಣನ ಕೈಯಲ್ಲಿತ್ತು. ಭತ್ತದ ಕೊಯ್ಲಿನ ಹೊತ್ತಿಗೆ ಅವನು ಕುರಿಗಳನ್ನು ಜೂರಾಲದ ಕಾಲುವೆಯ ಕಡೆ, ಧರೂರಿಗೆ ಹೊಡೆಯಬೇಕು. ಆಶಪ್ಪನಿಗೆ ಬೇಕಾಗಿದ್ದುದು ಒಂದೇ: ಸಂಕ್ರಾಂತಿಯ ಒಳಗೆ ಮೈ ಹಿಡಿತಕ್ಕೆ ಬಂದು, ತನ್ನ ಕುರಿಗಳ ಹಿಂದೆ ತಾನೇ ಹೋಗುವುದು. ಅಲ್ಲಿಯ ತನಕ ಮನೆಯಲ್ಲಿ ಕೂರಬೇಕು. ಕೂರುವುದು ಅವನಿಗೆ ಬರುವುದಿಲ್ಲ. ಕಟ್ಟೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ. ಹಿತ್ತಲಿನಲ್ಲಿ ನಿಂತು ದೂರದ ಬೀಳಿಗೆ ಶಿಳ್ಳೆ ಹಾಕುವನು. ಅಲ್ಲಿ ಕುರಿಯೂ ಇಲ್ಲ, ನಾಯಿಯೂ ಇಲ್ಲ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ನಿಂತೇ ಉಣ್ಣುವನು. ಅವನು ಹೀಗೆ ತಿರುಗುವುದನ್ನು ನೋಡಿ ಎಮ್ಮೆ ಕೂಡ ಹಾಲು ಇಳಿಸುವುದಕ್ಕೆ ತಡ ಮಾಡುತ್ತಿತ್ತು.

ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಮಾಧವಿ ಸಿಕ್ಕರು. ವಯಸ್ಸು ಸಣ್ಣದು, ಮಾತು ನಿಧಾನ. ಅವರು ಒಂದು ಪುಡಿಯ ಪರೀಕ್ಷೆ ನಡೆಸುತ್ತಿದ್ದರು. ಕುಡಿತದಿಂದ ಕರುಳಿನ ಗೋಡೆ ಸಡಿಲಾಗುತ್ತದೆ, ಒಳಗಿರಬೇಕಾದ ಹುಳುಗಳು ರಕ್ತಕ್ಕೆ ನುಗ್ಗುತ್ತವೆ, ರಕ್ತದಲ್ಲಿರುವ ಬಿಳಿ ಕಾವಲುಗಾರರು ಅವುಗಳ ಮೇಲೆ ಹಗಲೂ ರಾತ್ರಿ ಏರಿಹೋಗಿ ಸುಸ್ತಾಗುತ್ತಾರೆ, ಕೊನೆಗೆ ನಿಜವಾದ ರೋಗ ಬಂದ ದಿನ ಏಳುವುದೇ ಇಲ್ಲ ಎಂದು ಬಿಡಿಸಿ ಹೇಳಿದರು.

“ಮಂದ್ಯಾಗಿನ ನಾಯಿ ಇದ್ದಂಗ ಅನ್ರಿ,” ಎಂದ ಆಶಪ್ಪ. “ಬೇಲಿ ಹರಿದ್ರ ಬೆಕ್ಕಿಗೂ ಬೊಗಳತೈತಿ, ಇಲಿಗೂ ಬೊಗಳತೈತಿ. ಗಂಟಲು ಬಿದ್ದ ಮ್ಯಾಲೆ ತೋಳ ಬಂದ್ರ ಬಾಲ ಅಲ್ಲಾಡಸತೈತಿ.”

ಡಾಕ್ಟರಮ್ಮ ನಕ್ಕು, ಹೌದು, ಹಾಗೆಯೇ ಅಂದರು. ಪುಡಿಯಲ್ಲಿರುವುದು ಒಳ್ಳೆಯ ಜಾತಿಯ ಜೀವಾಣು, ಮೊಸರಿನಲ್ಲಿರುವುದರ ನೆಂಟರು. ಅವು ಕರುಳಲ್ಲಿ ಕೂತರೆ ಬೇಲಿ ಗಟ್ಟಿಯಾಗಿ, ಕಾವಲುಗಾರರಿಗೆ ಮತ್ತೆ ಕಸುವು ಬರಬಹುದು. ಬರಬಹುದು ಅಷ್ಟೆ, ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಅದಕ್ಕಾಗಿಯೇ ಪರೀಕ್ಷೆ. ಅರ್ಧ ಜನಕ್ಕೆ ಜೀವವಿರುವ ಪುಡಿ, ಅರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ, ಜೀವವಿಲ್ಲದ ಪುಡಿ. ಯಾರಿಗೆ ಯಾವುದು ಎಂದು ಅವರಿಗೂ ತಿಳಿಯುವಂತಿಲ್ಲ. ನಡುನಡುವೆ ರಕ್ತ ತೆಗೆದು, ಕಾವಲುಗಾರರು ಹುಳು ಹಿಡಿಯುತ್ತಾರೋ ಇಲ್ಲವೋ ನೋಡುತ್ತಾರೆ. ಉಳಿದ ಔಷಧಿ ಎಲ್ಲರಿಗೂ ಒಂದೇ. ಬೇಡವೆನಿಸಿದ ದಿನ ಬಿಡಬಹುದು. ಇದೆಲ್ಲವನ್ನೂ ಹೇಳಿ ಕೊನೆಗೆ, ಕುಡಿಯದೆ ಇರುವುದೇ ನಿಜವಾದ ಔಷಧಿ, ಪುಡಿ ಅದರ ಬೆನ್ನ ಹಿಂದಿನದು ಎಂದು ಮತ್ತೊಮ್ಮೆ ಹೇಳಿದರು. ಆಶಪ್ಪ ಹೆಬ್ಬೆಟ್ಟು ಒತ್ತಿದ.

ಅದೇ ಪರೀಕ್ಷೆಗೆ ಸೇರಿದವರು ಸುಧೀಂದ್ರರಾಯರು. ನಾರಾಯಣಪೇಟೆಯವರು. ಮನೆತನ ಗುಡಿ ಪೂಜೆಯದು, ಇವರು ಮಾತ್ರ ತಹಸಿಲ್ ಕಚೇರಿಗೆ ಸೇರಿ, ಕಂದಾಯ ನೋಡುವ ಗಿರ್ದಾವರ್ ಆಗಿ ನಿವೃತ್ತರಾದವರು. ಹಣೆಗೆ ಅಂಗಾರ, ಅಕ್ಷತೆ. ಬಾಯಲ್ಲಿ ಸದಾ ಏಲಕ್ಕಿ. ಆ ಏಲಕ್ಕಿ ಯಾಕೆಂದು ಅವರ ಹೆಂಡತಿ ಸುಶೀಲಾಬಾಯಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರು ನಾರಾಯಣಪೇಟೆಯಲ್ಲಿ ಹತ್ತಿದ ಬಸ್ಸಿಗೇ ನಾವು ಮಕ್ತಲಿನಲ್ಲಿ ಹತ್ತುತ್ತಿದ್ದೆವು. ರಾಯರು ಕಿಟಕಿಯಿಂದಲೇ ಕೂಗುವರು:

“ಏನಪಾ ಆಶಪ್ಪ, ನಿನ್ನ ಲಿವರ್ ಏನಂತದ?”

“ನಿಮ್ಮದು ಏನಂತೈತೋ ಅದನ್ನ ಅಂತೈತ್ರಿ. ಅವೆರಡೂ ಈಗ ಬೀಗರು.”

ಬಸ್ಸಿನಲ್ಲಿದ್ದವರು ನಗುತ್ತಿದ್ದರು. ನಗದವರು ಹೆಂಗಸರಿಬ್ಬರೇ. ಅವರು ಮುಂದಿನ ಸೀಟಿನಲ್ಲಿ ನಡುವೆ ಚೀಲ ಇಟ್ಟುಕೊಂಡು ಕೂತು, ಸೇತುವೆ ದಾಟುವ ತನಕ ಸಣ್ಣ ದನಿಯಲ್ಲಿ ಏನೋ ಮಾತಾಡುವರು. ಆ ಮಾತಿನಲ್ಲೇ ಒಂದು ದಿನ ಆ ಯೋಚನೆ ಹುಟ್ಟಿತು. ಯಾರು ಮೊದಲು ಅಂದರೋ ನನಗೆ ತಿಳಿಯದು. ಜೀವವಿರುವ ಪುಡಿ, ಮೊಸರಿನ ನೆಂಟರು ಅಂದಮೇಲೆ ಅದು ಹೆಪ್ಪೇ ಅಲ್ಲವೇ. ಹೆಪ್ಪಾದರೆ ಹಾಲು ಕಟ್ಟಬೇಕಲ್ಲ. ಕಟ್ಟಿದರೆ ಜೀವ ಇದೆ, ಕಟ್ಟದಿದ್ದರೆ ಇಲ್ಲ.

ತಿರುಪತಮ್ಮ ಆ ಸಂಜೆಯೇ ಹಾಲು ಕಾಯಿಸಿ, ಬೆರಳಿಗೆ ಬೆಚ್ಚಗಾಗುವಷ್ಟು ಆರಿಸಿ, ಗಂಡನ ಒಂದು ಪೊಟ್ಟಣ ಒಡೆದು ಸುರಿದು, ಒಲೆಯ ಪಕ್ಕ ಬೂದಿಯ ಮೇಲೆ ಇಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಗಡಿಗೆ ಓರೆ ಮಾಡಿದರೆ ಬಳಬಳ ಹರಿಯಿತು. ಇನ್ನೊಂದು ದಿನ ನೋಡೋಣ ಎಂದು ಹಾಗೆಯೇ ಬಿಟ್ಟಳು. ಆಗಲೂ ಕಟ್ಟಲಿಲ್ಲ.

ಮುಂದಿನ ಸಲ ಬಸ್ಸು ಮಕ್ತಲಿಗೆ ಬಂದಾಗ ಸುಶೀಲಾಬಾಯಿ ಕಿಟಕಿಯಿಂದ ಮುಖ ಹೊರಗೆ ಹಾಕಿದ್ದರು. ಅವರು ಎಂದೂ ಹಾಗೆ ಮುಖ ಹೊರಗೆ ಹಾಕಿದವರಲ್ಲ.

“ತಿರುಪತಮ್ಮಾ, ನಮ್ಮದು ಚಾಕುವಿಲೆ ಕೊಯ್ಯೋ ಹಂಗ ಕಟ್ಟ್ಯದವ್ವ.”

ಆಶಪ್ಪ ತಿರುಪತಮ್ಮನ ಹಿಂದೆಯೇ ನಿಂತಿದ್ದ. ಅವನಿಗೆ ಆ ತನಕ ಈ ವಿಷಯ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತವನು ಹೆಂಡತಿಯನ್ನು ಒಂದೊಂದೇ ಮಾತು ಕೇಳಿ ತಿಳಿದುಕೊಂಡ. ರಾಯರು ಅಂದು ಬಹಳ ಉಲ್ಲಾಸದಲ್ಲಿದ್ದರು. ನಮ್ಮದು ಅಸಲಿ ಮಾಲು, ನಿನ್ನದು ಖೋಟಾ ಎಂದು ಹಿಂದಿನ ಸೀಟಿನಿಂದ ಹೇಳಿದರು. ಅದು ಹಾಸ್ಯಕ್ಕೆ ಅಂದದ್ದು, ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಶಪ್ಪ ಮಾತ್ರ ಸೇತುವೆ ಬಂದಾಗ ನೀರನ್ನೂ ನೋಡಲಿಲ್ಲ. ಪ್ರತಿ ಸಲ ನೋಡುತ್ತಿದ್ದ. ನೀರಿನ ಮಟ್ಟ ನೋಡಿ ಮೇವಿನ ಲೆಕ್ಕ ಹೇಳುತ್ತಿದ್ದ.

ದವಾಖಾನೆಯಲ್ಲಿ ಹೆಂಗಸರು ಬಾಯಿ ಬಿಡಲಿಲ್ಲ. ಪೊಟ್ಟಣ ಒಡೆದದ್ದಕ್ಕೆ ಬೈಯುತ್ತಾರೆಂಬ ಅಂಜಿಕೆ. ನಾನು ಹೇಳೋಣವೇ ಅಂದೆ. ತಿರುಪತಮ್ಮ ತಲೆ ಅಲ್ಲಾಡಿಸಿ ಬೇಡ ಅಂದಳು. ಅವಳ ಲೆಕ್ಕ ಬೇರೆ ಇತ್ತು. ಬರುವಾಗ ಬಸ್ ನಿಲ್ದಾಣದಲ್ಲಿ ಅವಳು ಸುಶೀಲಾಬಾಯಿಯನ್ನು ಹೆಪ್ಪು ಕೇಳಿದಳು. ಕೇಳಿದವರಿಗೆ ಹೆಪ್ಪು ಇಲ್ಲ ಅನ್ನಬಾರದು. ದೀಪ ಹಚ್ಚಿದ ಮೇಲೆ ಮಾತ್ರ ಕೊಡಬಾರದು. ಇದು ಅವರ ಮನೆಯಲ್ಲೂ ಹೌದು, ನಮ್ಮ ಮನೆಯಲ್ಲೂ ಹೌದು. ಮುಂದಿನ ಸಲ ಸುಶೀಲಾಬಾಯಿ ಸಣ್ಣ ಡಬ್ಬಿಯಲ್ಲಿ ತಂದರು. ಕೈಗೆ ಕೊಡದೆ ಸೀಟಿನ ಮೇಲೆ ಇಟ್ಟರು, ಇವಳು ಸೀಟಿನಿಂದ ಎತ್ತಿಕೊಂಡಳು. ನಮ್ಮ ಮನೆಯ ಮೊಸರು ಅವರ ಮನೆಗೆ ಹೋಗುವುದಲ್ಲ, ಅವರದು ನಮ್ಮಲ್ಲಿಗೆ ಬರಬಹುದು. ಅದನ್ನು ಇಬ್ಬರೂ ಮಾತಾಡದೆಯೇ ತಿಳಿದಿದ್ದರು.

ಅಂದಿನಿಂದ ಆಶಪ್ಪನಿಗೆ ದವಾಖಾನೆಯ ಪುಡಿ ನಿಂತಿತು. ಪೊಟ್ಟಣಗಳು ನೆಲುವಿನ ಮೇಲೆ, ಭಂಡಾರದ ಚೀಲದ ಪಕ್ಕ ಉಳಿದವು. ಅದರ ಬದಲಿಗೆ ರಾಯರ ಹೆಪ್ಪಿನಿಂದ ಕಟ್ಟಿದ ಮೊಸರಿನ ಮಜ್ಜಿಗೆ, ಹೊತ್ತುಹೊತ್ತಿಗೆ. ತಿರುಪತಮ್ಮ ಚೊಂಬು ಹಿಡಿದು ಅವನ ಹಿಂದೆ ತಿರುಗುವಳು. ಅವನು ಕಟ್ಟೆಯಿಂದ ಹಿತ್ತಲಿಗೆ, ಇವಳೂ ಹಿತ್ತಲಿಗೆ. ಅವನು ಕುಡಿಯುತ್ತಿದ್ದ, ಆದರೆ ನಂಬಿ ಕುಡಿಯುತ್ತಿರಲಿಲ್ಲ. ಇನ್ನೊಬ್ಬರ ಪಾಲಿನ ಜೀವ ತನಗೆ ಹತ್ತುವುದಿಲ್ಲ ಎಂದು ಒಮ್ಮೆ ನನ್ನೆದುರು ಅಂದ.

ಧರೂರಿಗೆ ಮಂದೆ ಮುಟ್ಟಿತು ಎಂದು ಸಾಯಣ್ಣ ಫೋನು ಮಾಡಿದ ದಿನ ಮಧ್ಯಾಹ್ನ ಆಶಪ್ಪ ಮನೆಯಲ್ಲಿರಲಿಲ್ಲ. ಕಂಬಳಿ ಇರಲಿಲ್ಲ, ಚಪ್ಪಲಿ ಇರಲಿಲ್ಲ. ತಿರುಪತಮ್ಮ ನನ್ನ ಕಡೆ ನೋಡಿದಳು. ನಾನು ಎದ್ದು ಆಟೊ ಹಿಡಿದು ಮಕ್ತಲಿಗೆ, ಅಲ್ಲಿಂದ ಗದ್ವಾಲದ ಬಸ್ಸಿಗೆ. ಜೂರಾಲದ ಅಣೆಕಟ್ಟೆಯ ಮೇಲೆ ಬಸ್ಸು ನಿಧಾನವಾಗಿ ಹೋಗುವಾಗ ಒಂದೇ ಯೋಚನೆ: ಅವನು ಧರೂರಿನಲ್ಲಿ ಇಳಿದನೋ, ಮುಂದೆ ಗದ್ವಾಲಕ್ಕೆ ಹೋದನೋ. ಧರೂರಿನಲ್ಲಿ ಇಳಿದಿದ್ದರೆ ಕುರಿಗಾಗಿ ಹೋಗಿದ್ದಾನೆ. ಗದ್ವಾಲಕ್ಕೆ ಹೋಗಿದ್ದರೆ ಕುಡಿತಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಸಾಯಣ್ಣನಿಗೆ ಫೋನು ಮಾಡಿದೆ. ಬಾವ ಬಂದಿಲ್ಲ ಅಂದ. ನಾನು ಗದ್ವಾಲದ ತನಕ ಟಿಕೆಟು ತೆಗೆಸಿದೆ.

ಗದ್ವಾಲದ ಊರಂಚಿನಲ್ಲಿ ಒಂದು ಸೇಂದಿ ಕಾಂಪೌಂಡ್ ಇದೆ. ಕುರಿ ಸಂತೆಗೆ ಬಂದವರೆಲ್ಲ ಕೊನೆಗೆ ಅಲ್ಲಿ ಸೇರುತ್ತಾರೆ. ಬೇವಿನ ಗಿಡದ ಬುಡದಲ್ಲಿ, ಗೋಡೆಗೆ ಒರಗದೆ, ಕಾಲು ಮಡಚಿ ಕೂತಿದ್ದ ಆಶಪ್ಪ. ಮುಂದೆ ಬಾಟಲಿ ಅರ್ಧ ಖಾಲಿ. ನನ್ನನ್ನು ನೋಡಿ ಮುಚ್ಚಿಡಲಿಲ್ಲ. ಅವನ ಪಕ್ಕ ನೆಲದ ಮೇಲೆ ಒದ್ದೆಯಾಗಿತ್ತು. ಕುಡಿದದ್ದನ್ನು ಹೊಟ್ಟೆ ಹಿಡಿದಿರಲಿಲ್ಲ.

ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಪರಿಚಯದವನೊಬ್ಬ ಬಂದು ನನಗೂ ಒಂದು ಬಾಟಲಿ ತರಲೇ ಎಂದು ತೆಲುಗಿನಲ್ಲಿ ಕೇಳಿದ. ಬೇಡ ಎಂದೆ.

“ಸತ್ತ ಪುಡಿ ಕೊಟ್ಟು ನೋಡತಾರಂದ್ರ,” ಎಂದ ಆಶಪ್ಪ, “ನಾ ಹೆಂಗ ಸಾಯತೀನಿ ಅಂತ ನೋಡಾಕ ಅಲ್ಲೇನು ಅಣ್ಣ? ರಾಯರ ರಕ್ತದಾಗ ನಾಯಿ ಎದ್ದು ನಿಂದರತಾವ. ನಂದರಾಗ ಮಲಗ್ಯಾವ. ಅದನ್ನ ಬರಕೊಂತಾರ.”

“ಅವರಿಗೂ ಗೊತ್ತಿಲ್ಲಂತ ಹೇಳಿಲ್ಲೇನು?”

“ಗೊತ್ತಿಲ್ಲದವರು ಕೊಟ್ರೂ ಸತ್ತದ್ದು ಸತ್ತದ್ದ.”

ಉಳಿದ ಅರ್ಧ ಬಾಟಲಿಯನ್ನು ಅವನೇ ಬೇವಿನ ಬುಡಕ್ಕೆ ಸುರಿದ. ಸಿಟ್ಟಿನಿಂದ ಸುರಿದನೋ, ಹೊಟ್ಟೆಗೆ ಆಗದೆ ಸುರಿದನೋ ನಾನು ಕೇಳಲಿಲ್ಲ. ಎದ್ದಾಗ ಕಾಲು ಊದಿದ್ದವು, ಚಪ್ಪಲಿಯ ಉಂಗುಷ್ಠದ ಬಾರು ಮಾಂಸಕ್ಕೆ ಇಳಿದಿತ್ತು. ಬರುವಾಗ ಧರೂರಿನಲ್ಲಿ ಬಸ್ಸು ನಿಂತಿತು. ಕಾಲುವೆಯ ಆಚೆ ಕೊಯ್ದ ಗದ್ದೆಯಲ್ಲಿ ಕುರಿಗಳು ಬೆಳ್ಳಗೆ ಕರ್ರಗೆ ಹರಡಿ ಮೇಯುತ್ತಿದ್ದವು, ನಮ್ಮವೇ. ಅವನು ಕಿಟಕಿಗೆ ಹಣೆ ಹಚ್ಚಿದ. ಇಳಿಯುತ್ತಾನೇನೋ ಎಂದು ನಾನು ಕಾದೆ. ಇಳಿಯಲಿಲ್ಲ.

“ಭಂಡಾರ ನೆಕ್ಕಿ ಕುಡದೀನಿ,” ಎಂದ. “ಈ ಬಾಯಿಲೆ ಅವುಗಳನ್ನ ಹೆಂಗ ಕರೀಲಿ?”

ಮುಂದಿನ ತಾರೀಖಿಗೆ ರಾಯಚೂರಿಗೆ ಹೋದಾಗ ನಾನು ತಿರುಪತಮ್ಮನ ಮಾತು ಕೇಳಲಿಲ್ಲ. ಡಾಕ್ಟರಮ್ಮನ ಎದುರು ಕೂತು ಎಲ್ಲ ಹೇಳಿದೆ: ಪೊಟ್ಟಣ ಒಡೆದದ್ದು, ಹಾಲು ಕಟ್ಟದೆ ಹೋದದ್ದು, ಪುಡಿ ನಿಲ್ಲಿಸಿದ್ದು, ಹೆಪ್ಪು ತಂದದ್ದು, ಗದ್ವಾಲ. ರಾಯರು, ಸುಶೀಲಾಬಾಯಿ ಅದೇ ಕೋಣೆಯಲ್ಲಿದ್ದರು. ರಾಯರು ಕಿಟಕಿಯ ಹೊರಗೆ ನೋಡತೊಡಗಿದರು. ಡಾಕ್ಟರಮ್ಮ ಬೈಯಲಿಲ್ಲ. ಬರೆಯುವುದನ್ನು ನಿಲ್ಲಿಸಿ, ತಿರುಪತಮ್ಮನನ್ನು ಒಂದು ಮಾತು ಕೇಳಿದರು.

“ಯಾವ ಗಡಿಗ್ಯಾಗ ಹಾಕಿದ್ರಿ?”

“ಹಾಲಿನ ಗಡಿಗ್ಯಾಗರಿ. ಮೊಸರಿನ ಗಡಿಗ್ಯಾಗ ಹಳೇ ಹೆಪ್ಪಿನ ವಾಸನಿ ಇರತೈತಿ, ಅದಕ್ಕ ತಾನ ಕಟ್ಟತೈತಿ ಅಂತ ಬ್ಯಾರೆ ತಗೊಂಡೆ. ಸುಳ್ಳಾಗಬಾರದಲ್ಲರಿ.”

“ಹಾಲಿನ ಗಡಿಗಿ ಹೆಂಗ ತೊಳೀತೀರಿ?”

ಅವಳು ಹೇಳಿದಳು. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ತಂಗಡಿ ಗಿಡದ ಕಡ್ಡಿಗೆ ಬೆಂಕಿ ಕೊಟ್ಟು ಅದರ ಮೇಲೆ ಗಡಿಗೆಯನ್ನು ಬೋರಲು ಹಾಕಬೇಕು. ಒಳಗೆಲ್ಲ ಹೊಗೆ ಹಿಡಿದು ಕರ್ರಗಾಗಬೇಕು. ಮಂದೆಯ ಜೊತೆ ಹೋಗುವ ಹಾಲು ಬಿಸಿಲಿನಲ್ಲಿ ಸಂಜೆಯ ತನಕ ಒಡೆಯಬಾರದು, ಹುಳಿಯಾಗಬಾರದು, ಅದಕ್ಕೆ. ನಮ್ಮ ಅವ್ವ ಹಾಗೆ ಮಾಡುತ್ತಿದ್ದಳು, ಅವಳ ಅತ್ತೆಯೂ ಹಾಗೇ.

ಹೇಳುತ್ತ ಹೇಳುತ್ತ ತಿರುಪತಮ್ಮನ ಮಾತು ತಾನಾಗಿಯೇ ನಿಂತಿತು. ಹಾಲು ಹುಳಿಯಾಗದಂತೆ ಮಾಡಿದ ಗಡಿಗೆಯಲ್ಲಿ ಹಾಲು ಹುಳಿಯಾಗಲಿಲ್ಲವೆಂದು ಗಂಡನ ಪುಡಿಯನ್ನು ಸತ್ತದ್ದೆಂದು ತೀರ್ಮಾನಿಸಿದ್ದಳು.

ಡಾಕ್ಟರಮ್ಮ ಸುಶೀಲಾಬಾಯಿಯ ಕಡೆ ತಿರುಗಿದರು. ಅವರದು ಕಲ್ಲಿನ ಮರಿಗೆ, ಅತ್ತೆಯ ಕಾಲದ್ದು. ಅದರಲ್ಲಿ ಮೊಸರಲ್ಲದೆ ಬೇರೆ ಏನನ್ನೂ ಹಾಕಿದವರಲ್ಲ. ಹೆಪ್ಪು ಹಾಕುವುದು ಮರೆತ ದಿನವೂ ಅದರಲ್ಲಿ ಹಾಲು ಕಟ್ಟುತ್ತದೆ ಎಂದು ಅವರು ತಾವೇ ಹೇಳಿ, ಸೆರಗನ್ನು ಬಾಯಿಗೆ ಹಿಡಿದರು.

ಆಗ ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಆಶಪ್ಪನದು ಸತ್ತದ್ದೆಂದೂ ಅಲ್ಲ, ರಾಯರದು ಜೀವದ್ದೆಂದೂ ಅಲ್ಲ. ಗಡಿಗೆಯಿಂದ ಏನೂ ಗೊತ್ತಾಗುವುದಿಲ್ಲ. ಪುಡಿಯಲ್ಲಿ ಜೀವವಿದ್ದರೂ ಕೆಲವು ಜಾತಿ ಹಾಲನ್ನು ಕಟ್ಟದೆಯೇ ಇರಬಹುದು. ಪೊಟ್ಟಣ ನಿಲ್ಲಿಸಿದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತೇನೆ, ಮತ್ತೆ ಶುರು ಮಾಡಬೇಕೆಂದರೆ ಮಾಡಬಹುದು ಎಂದರು. ಸೇಂದಿಯ ವಿಷಯಕ್ಕೆ ಮಾತ್ರ ದನಿ ಗಟ್ಟಿಯಾಯಿತು. ಪುಡಿ ಯಾವುದೇ ಇರಲಿ, ಕುಡಿದರೆ ಎರಡೂ ಒಂದೇ ಎಂದರು.

ಆ ಮಾತಿಗೆ ಸುಶೀಲಾಬಾಯಿ ಬಾಯಿಂದ ಸೆರಗು ತೆಗೆದರು.

“ಹಂಗಾದ್ರ ಇವರಿಗೂ ಹೇಳ್ರಿ ಡಾಕ್ಟರಮ್ಮ. ನನ್ನ ಮರಿಗಿ ಕಟ್ಟಿದ ದಿನದಿಂದ ಇವರು ಮತ್ತ ಶುರು ಮಾಡ್ಯಾರ. ಜೀವದ ಪುಡಿ ಅದ, ಅದು ನೋಡಿಕೋತದ ಅಂತಾರ. ನಾನ ಕಟ್ಟಿಕೊಟ್ಟಂಗ ಆತು.”

ರಾಯರು ಏಲಕ್ಕಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು.

“ಔಷಧ ತಗೊಂಡಂಗ ತಗೊಂಡೀನಿ,” ಎಂದರು. “ಮುಚ್ಚಳದಾಗ.”

ಯಾರೂ ನಗಲಿಲ್ಲ. ಹಿಂದಿನ ಸಲ ಅವರ ಮುಖದಲ್ಲಿ ಕಂಡಿದ್ದ ಕೆಂಪನ್ನು ನಾವೆಲ್ಲ ಆರೋಗ್ಯ ಎಂದುಕೊಂಡಿದ್ದೆವು. ಡಾಕ್ಟರಮ್ಮ ಎದ್ದು ಅವರ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಕೈ ಚಾಚಿಸಿ ಬೆರಳುಗಳ ನಡುಕ ನೋಡಿದರು, ಇಂದೇ ಇಲ್ಲಿ ಉಳಿಯಬೇಕು ಎಂದರು. ರಾಯರು ಒಪ್ಪಲಿಲ್ಲ. ಧನುರ್ಮಾಸ ನಡೆದಿದೆ, ಬೆಳಗಿನ ಪೂಜೆಗೆ ಮನೆಯಲ್ಲಿ ಬೇರೆ ಗಂಡಸರಿಲ್ಲ, ಸಂಕ್ರಾಂತಿ ಕಳೆದು ಬರುತ್ತೇನೆ ಎಂದರು. ಎಷ್ಟು ಹೇಳಿದರೂ ಅಷ್ಟೇ. ಬಸ್ಸಿನಲ್ಲಿ ಆಶಪ್ಪ ಅವರ ಪಕ್ಕದಲ್ಲಿ ಕೂತ. ಅಸಲಿ, ಖೋಟಾ ಎಂಬ ಮಾತು ಬರಲಿಲ್ಲ. ಸೇತುವೆಯ ಮೇಲೆ ಆಶಪ್ಪ ಅವರಿಗೆ ಮಾತ್ರ ಕೇಳುವಂತೆ ಹೇಳಿದ್ದು ನನಗೂ ಕೇಳಿಸಿತು.

“ರಾಯರ, ನಾನೂ ಗದ್ವಾಲದಾಗ ಕುಡದೀನ್ರಿ. ನಿಮ್ಮದು ಜೀವದ್ದಂತ ನೀವು, ನಂದು ಸತ್ತದ್ದಂತ ನಾನು. ಇಬ್ಬರದೂ ಗಡಿಗಿ ಮಾತು. ಇನ್ನ ಬಿಡೋಣ್ರಿ.”

ರಾಯರು ಅವನ ಮೊಳಕಾಲಿನ ಮೇಲೆ ಕೈ ಇಟ್ಟರು. ಹೂಂ ಅಂದರೋ ಇಲ್ಲವೋ ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ.

ಮನೆಗೆ ಬಂದ ತಿರುಪತಮ್ಮ ನೆಲುವಿನಿಂದ ಪೊಟ್ಟಣಗಳನ್ನು ಇಳಿಸಿದಳು. ಒದ್ದೆ ಮರಳಿನಲ್ಲಿ ಹೂತ ಚಟ್ಟಿಗೆಯಲ್ಲಿ ತಂಪಾಗಿ ಇಟ್ಟು, ಹೇಳಿದ ಹೊತ್ತಿಗೆ ಹೇಳಿದ ಹಾಗೆ ಕೊಡತೊಡಗಿದಳು. ಜೀವ ಇದೆಯೋ ಇಲ್ಲವೋ ಎಂದು ಅವಳು ಮತ್ತೆ ನೋಡಲಿಲ್ಲ. ಆಶಪ್ಪನೂ ಕೇಳಲಿಲ್ಲ. ಒಂದು ಭಾನುವಾರ ಮೈಲಾರನ ಗುಡಿಗೆ ಹೋಗಿ, ತಪ್ಪು ಹೇಳಿಕೊಂಡು, ಭಂಡಾರವನ್ನು ಮತ್ತೆ ಬಾಯಿಗೆ ಹಾಕಿಕೊಂಡು ಬಂದ. ತಿರುಗುವುದು ಮಾತ್ರ ನಿಲ್ಲಲಿಲ್ಲ. ಕಟ್ಟೆ, ಬಾಗಿಲು, ಹಿತ್ತಲು. ಸೇಂದಿ ಬೇಕೆನಿಸಿದಾಗ ಹೆಚ್ಚು ಬೇಗ ತಿರುಗುತ್ತಿದ್ದ. ಹೆಜ್ಜೆಯ ಸದ್ದಿನಿಂದಲೇ ನನಗೆ ಗೊತ್ತಾಗುತ್ತಿತ್ತು. ಆಗ ನಾನೂ ಎದ್ದು ಅವನ ಜೊತೆ ತಿರುಗುವೆ. ಕಾಲಿನ ಊತ ಇಳಿಯಿತು. ಕಣ್ಣಿನ ಹಳದಿ ಅಂಚಿಗೆ ಸರಿಯಿತು. ಪುಡಿಯಿಂದಲೋ, ಬಿಟ್ಟದ್ದರಿಂದಲೋ, ನನಗೆ ಹೇಳಲು ಬಾರದು.

ಸಂಕ್ರಾಂತಿಯ ಹಿಂದಿನ ವಾರ ಸುಶೀಲಾಬಾಯಿಯ ಫೋನು ಬಂತು. ಕಾಯಿ ಒಡೆಯುವಾಗ ರಾಯರ ಅಂಗೈಗೆ ಚೂರು ತಾಗಿತ್ತಂತೆ. ಸಣ್ಣ ಗಾಯ, ಮಕ್ಕಳಿಗಾದರೂ ಅರಿಶಿನ ಒತ್ತಿ ಮರೆಯುವಂಥದ್ದು. ಅದು ಕೆಂಪಗಾಗಿ, ಮೊಳಕೈ ತನಕ ಏರಿ, ಜ್ವರ ಬಂದು, ಮಾತು ತಪ್ಪಿತ್ತು. ರಾಯಚೂರಿಗೆ ಸೇರಿಸಿದ್ದರು. ಆಶಪ್ಪ ಚಪ್ಪಲಿ ಮೆಟ್ಟಿ ಆಗಲೇ ಹೊರಟ. ನಾವು ಹೋದಾಗ ರಾಯರು ಕಣ್ಣು ತೆರೆದಿದ್ದರು, ಗುರುತು ಹಿಡಿಯಲಿಲ್ಲ. ಔಷಧಿ ಎಲ್ಲ ಕೊಡುತ್ತಿದ್ದೇವೆ, ಒಳಗಿನ ಕಾವಲು ಏಳುತ್ತಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆಶಪ್ಪ ಮಂಚದ ಬಳಿ ನಿಂತು, ಮಂದೆಯ ನಾಯಿಯನ್ನು ಎಬ್ಬಿಸುವಾಗ ಮಾಡುವಂತೆ ನಾಲಿಗೆಯಿಂದ ಮೆಲ್ಲಗೆ ಸದ್ದು ಮಾಡಿದ. ಆಮೇಲೆ ನಾಚಿಕೊಂಡು ಹೊರಗೆ ಹೋದ.

ರಾಯರ ಕರ್ಮಾಂತರವೆಲ್ಲ ಮುಗಿದ ಮೇಲೆ ಸುಶೀಲಾಬಾಯಿ ಉಳಿದ ಪೊಟ್ಟಣಗಳನ್ನು ಹಿಂದಕ್ಕೆ ಕೊಡಲು ಬಂದಿದ್ದರು. ನಾವೂ ಅಂದು ಅಲ್ಲಿದ್ದೆವು. ತಮ್ಮ ಯಜಮಾನರಿಗೆ ಯಾವ ಪುಡಿ ಬಂದಿತ್ತು ಎಂದು ಡಾಕ್ಟರಮ್ಮನನ್ನು ಕೇಳಿದರು. ಎಲ್ಲರ ಪರೀಕ್ಷೆ ಮುಗಿಯುವ ತನಕ ತೆರೆದು ನೋಡುವಂತಿಲ್ಲ, ಇನ್ನೂ ಬಹಳ ತಿಂಗಳು ಇದೆ, ಆಗ ತಪ್ಪದೆ ತಿಳಿಸುತ್ತೇನೆ ಎಂದರು ಅವರು. ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಸುಶೀಲಾಬಾಯಿ ಬೆಂಚಿನ ಮೇಲೆ ತಿರುಪತಮ್ಮನ ಪಕ್ಕ ಕೂತರು. ಈ ಸಲ ನಡುವೆ ಚೀಲ ಇಟ್ಟುಕೊಳ್ಳಲಿಲ್ಲ.

“ಸತ್ತ ಪುಡಿ ಅಂದ್ರ ಪುಡಿಗೆ ಬೈದು ಮಲಗಬಹುದು,” ಎಂದರು. “ಜೀವದ್ದು ಅಂದ್ರ ಅವರಿಗೇ ಬೈದು ಮಲಗಬಹುದು. ಎರಡೂ ಗೊತ್ತಿಲ್ಲದ ಹೆಂಗ ಮಲಗಲಿ ತಿರುಪತಮ್ಮ?”

ತಿರುಪತಮ್ಮ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

ಅಂದೇ ಡಾಕ್ಟರಮ್ಮ ಆಶಪ್ಪನಿಗೆ ಹೋಗಬಹುದು ಎಂದರು. ಭಾರ ಹೊರಬಾರದು, ಗಾಯ ಆದರೆ ಆ ದಿನವೇ ಬರಬೇಕು, ತಾರೀಖು ತಪ್ಪಬಾರದು. ಹೊಲದವರು ಬಾಟಲಿ ಇಟ್ಟರೆ ಏನು ಮಾಡುತ್ತೀ ಎಂದು ನಾನು ದಾರಿಯಲ್ಲಿ ಕೇಳಿದೆ. ಅವಮಾನ ಮಾಡುತ್ತೇನೆ ಅಂದ.

ಹೊರಡುವ ಬೆಳಿಗ್ಗೆ ತಿರುಪತಮ್ಮ ತಂಗಡಿ ಕಡ್ಡಿಗೆ ಬೆಂಕಿ ಕೊಟ್ಟು ಹಾಲಿನ ಗಡಿಗೆಯನ್ನು ಬೋರಲು ಹಾಕಿದಳು. ಹೊಗೆ ಅಂಚಿನಿಂದ ಹೊರಗೆ ತೂರಿತು. ಒಂದು ಕೈಯಲ್ಲಿ ಅವನಿಗೆ ಆ ಗಡಿಗೆ ಕೊಟ್ಟಳು, ಇನ್ನೊಂದು ಕೈಯಲ್ಲಿ ಪೊಟ್ಟಣಗಳ ಗಂಟು. ಎರಡನ್ನೂ ಒಂದರೊಳಗೊಂದು ಇಡಬೇಡ ಅಂದಳು. ಅವನು ಕಂಬಳಿ ಹೆಗಲಿಗೆ ಹಾಕಿ, ಕೋಲು ಹಿಡಿದು, ಹಿಂದೆ ನೋಡದೆ ಧರೂರಿನ ದಾರಿ ಹಿಡಿದ. ಅಂಗಳ ಒಮ್ಮೆಗೇ ನಿಶ್ಶಬ್ದವಾಯಿತು. ನಾನು ಮಾತ್ರ ಕೂತಲ್ಲಿ ಕೂರಲಾಗದೆ, ಕಟ್ಟೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ ಹೋಗಿ ಬಂದೆ.

ಸುಧೀಂದ್ರರಾಯರು ಹೋದದ್ದು ಸಂಕ್ರಾಂತಿಯ ಮರುದಿನ, ಗುರುವಾರ. ಆಶಪ್ಪ ಮಂದೆಗೆ ಹೋದದ್ದು ಮಾಘ ಹಿಡಿದ ಮೇಲೆ, ಭಾನುವಾರ.